ವೈದ್ಯಲೇಖನದಲ್ಲಿ ಆಕರನಿರ್ದೇಶ

ಸತ್ಯವನ್ನು ಪರೀಕ್ಷಿಸುವ ಸಾಧನಗಳಾವುವು ಎಂಬ ಪ್ರಶ್ನೆಗೆ ಚರಕಸಂಹಿತೆಯು ನಾಲ್ಕು ಪ್ರಮಾಣಗಳನ್ನು ಹೇಳುವಲ್ಲಿ ಆಪ್ತೋಪದೇಶವನ್ನು ಮೊದಲಿಗೆ ಎಣಿಸಿರುವುದು. ಇದು ಯುಕ್ತವೇ ಆಗಿದೆ. ವೈದ್ಯನೊಬ್ಬನು ತನ್ನ ಆಯುಷ್ಯದಲ್ಲಿ ಕಣ್ಣಾರೆ ಕಂಡು ತಿಳಿಯಬಹುದಾದುದು ಸ್ವಲ್ಪ. ಮಿಕ್ಕುದೆಲ್ಲವನ್ನೂ ಕಂಡವರ ಮಾತಿನಿಂದಲೇ ಅರಿಯಬೇಕು. ಆದರೆ ಆಪ್ತನೆಂದರೆ ಯಾರು? ವಿಷಯವನ್ನು ತಾನೇ ಕಂಡು, ಕಂಡುದನ್ನು ಕಂಡಂತೆ ಹೇಳುವವನು. ಅವನು ಯಾರು, ಎಲ್ಲಿ ಹೇಳಿದನು, ಯಾವಾಗ ಹೇಳಿದನು ಎಂಬುದು ತಿಳಿಯದಿದ್ದರೆ ಅವನ ಮಾತು ಆಪ್ತವಾಕ್ಯವೆನಿಸದೆ ಸಂತೆಯ ಸುದ್ದಿಯಾಗಿ ಉಳಿಯುವುದು. ಈಗಿನ ವೈದ್ಯಪತ್ರಿಕೆಗಳಲ್ಲಿ ಪ್ರತಿಯೊಂದು ಲೇಖನದ ಕೊನೆಯಲ್ಲಿಯೂ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುವ ಆಕರಪಟ್ಟಿಯು ಈ ಮೂರು ಪ್ರಶ್ನೆಗಳಿಗೆ ಲೇಖಕನು ಕೊಡುವ ಉತ್ತರವಾಗಿದೆ.

ಹೀಗಿದ್ದರೂ ಈ ಪಟ್ಟಿಯ ವಿಷಯದಲ್ಲಿ ವಿದ್ಯಾವಂತರಾದ ವೈದ್ಯರಲ್ಲಿಯೇ ಒಂದು ಬಗೆಯ ಔದಾಸೀನ್ಯವು ಬೆಳೆದುಬಂದಿರುವುದು ಶೋಚನೀಯ. ಸ್ನಾತಕೋತ್ತರ ಪದವಿಗಾಗಿ ಪ್ರಬಂಧ ಬರೆಯುವ ತರುಣರಲ್ಲಿಯೂ, ಪತ್ರಿಕೆಗಳಿಗೆ ಲೇಖನಗಳನ್ನು ಕಳುಹಿಸುವ ಅಧ್ಯಾಪಕರಲ್ಲಿಯೂ ಎಷ್ಟೋ ಮಂದಿ ಇದನ್ನು ಬರವಣಿಗೆಯೆಲ್ಲ ಮುಗಿದ ಮೇಲೆ ಕೊನೆಯ ರಾತ್ರಿಯಲ್ಲಿ ಮಾಡಿ ಮುಗಿಸುವ ಗುಮಾಸ್ತೆಯ ಕೆಲಸವೆಂದು ಭಾವಿಸುವರು. ಈ ಭಾವನೆಯು ಲೇಖನದ ಅಂದವನ್ನು ಮಾತ್ರ ಕೆಡಿಸುವುದಾಗಿದ್ದರೆ ಅದನ್ನು ವಿಚಾರಿಸುವ ಆವಶ್ಯಕತೆಯೇ ಇರಲಿಲ್ಲ. ಆದರೆ ಅದು ಮದ್ದು ಕುಡಿಯುವ ರೋಗಿಯವರೆಗೂ ಹೋಗಿ ಮುಟ್ಟುವುದು. ಆದುದರಿಂದ ವೈದ್ಯರಲ್ಲದ ಗೃಹಸ್ಥರೂ ಈ ವಿಷಯವನ್ನು ತಿಳಿದಿರಬೇಕಾದುದು ಅಗತ್ಯ.

ಮೊದಲು ಪದ್ಧತಿಯೇನೆಂಬುದನ್ನು ಹೇಳತಕ್ಕದ್ದು. ೧೯೭೮ನೆಯ ಇಸವಿಯ ಜನವರಿಯಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಕೆಲವು ವೈದ್ಯಪತ್ರಿಕೆಗಳ ಸಂಪಾದಕರು ಕಲೆತು, ಲೇಖನಗಳು ಯಾವ ಕ್ರಮದಲ್ಲಿರಬೇಕೆಂಬುದನ್ನು ಗೊತ್ತುಮಾಡಿದರು. ಅವರ ನಿಯಮಾವಳಿಯು ೧೯೭೯ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಕರಗಳನ್ನು ಬರೆಯುವ ಕ್ರಮವನ್ನು ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯದವರು ಸಿದ್ಧಪಡಿಸಿಕೊಟ್ಟರು. ಆ ಮಂಡಲಿಯೇ ಬೆಳೆದು ಈಗ ವೈದ್ಯಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯಾಗಿದೆ. ಲೇಖನದಲ್ಲಿ ಆಕರವು ಮೊದಲು ಎಲ್ಲಿ ಬರುವುದೋ ಅಲ್ಲಿ ಅದಕ್ಕೆ ಒಂದು ಅಂಕಿಯನ್ನು ಕೊಡುವುದು. ಮತ್ತೆ ಬಂದಾಗ ಅದೇ ಅಂಕಿಯನ್ನೇ ಬಳಸುವುದು. ಕೊನೆಯ ಪಟ್ಟಿಯಲ್ಲಿ ಅದೇ ಅನುಕ್ರಮದಿಂದ ಲೇಖಕರ ಹೆಸರು, ಲೇಖನದ ಹೆಸರು, ಪತ್ರಿಕೆಯ ಸಂಕ್ಷಿಪ್ತನಾಮ, ಇಸವಿ, ಸಂಪುಟ, ಪುಟಗಳು ಇವನ್ನು ಬರೆಯುವುದು. ಇದೇ ಆ ಕ್ರಮದ ಸಾರ. ಲೇಖಕರು ಆರು ಮಂದಿಗೆ ಮೀರಿದರೆ ಮೊದಲ ಆರು ಹೆಸರುಗಳನ್ನು ಕೊಟ್ಟು ‘ಮತ್ತಿತರರು’ ಎಂದು ಮುಗಿಸುವುದು ರೂಢಿ. ಇದರಲ್ಲಿ ಗೂಢವಾದುದೇನೂ ಇಲ್ಲ. ಹತ್ತನೆಯ ತರಗತಿಯ ಹುಡುಗನು ಒಂದು ಸಂಜೆಯಲ್ಲಿ ಕಲಿಯಬಹುದು.

ಇನ್ನು ಪೂರ್ವಪಕ್ಷ. ಉದಾಸೀನರಾದವರು ಮೂರು ಆಕ್ಷೇಪಗಳನ್ನು ತರುವರು. ಅಲ್ಪವಿರಾಮವೋ ಪೂರ್ಣವಿರಾಮವೋ ಎಂಬುದರಿಂದ ಯಾವ ರೋಗಿಯ ಜ್ವರವೂ ಇಳಿಯುವುದಿಲ್ಲ ಎಂಬುದು ಒಂದು. ಪತ್ರಿಕೆಗೊಂದು ಕ್ರಮವಿರುವಾಗ ಯಾವುದನ್ನು ಕಲಿಯುವುದು ಎಂಬುದು ಎರಡನೆಯದು. ಇದನ್ನೆಲ್ಲ ಮಾಡಲು ಗಣಕಯಂತ್ರವಿರುವಾಗ ಮನುಷ್ಯನು ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬುದು ಮೂರನೆಯದು.

ಇವುಗಳಲ್ಲಿ ಎರಡನೆಯ ಆಕ್ಷೇಪವು ಬಹುಮಟ್ಟಿಗೆ ನ್ಯಾಯವಾದುದೇ. ವ್ಯಾಂಕೂವರ್ ನಗರದಲ್ಲಿ ಸಂಪಾದಕರು ಕಲೆತುದರ ಉದ್ದೇಶವೇ ಲೇಖಕರ ಶ್ರಮವನ್ನು ತಗ್ಗಿಸುವುದಾಗಿತ್ತು. ಒಂದು ಪತ್ರಿಕೆಯವರು ಬೇಡವೆಂದ ಲೇಖನವನ್ನು ಮರಳಿ ಬೆರಳಚ್ಚು ಮಾಡಿಸದೆ ಮತ್ತೊಂದಕ್ಕೆ ಕಳುಹಿಸುವಂತಾಗಬೇಕೆಂಬುದೇ ಅವರ ಅಪೇಕ್ಷೆಯಾಗಿತ್ತು. ಆ ನಿಯಮವನ್ನು ಅನುಸರಿಸುವೆವೆಂದು ಸಾವಿರಾರು ಪತ್ರಿಕೆಗಳು ಹೇಳಿಕೊಳ್ಳುವುವು; ಆದರೂ ಒಂದು ಅಂಕಿಯನ್ನು ಆವರಣದಲ್ಲಿಡೆನ್ನುವುದು, ಇನ್ನೊಂದು ಅದನ್ನು ಅಕ್ಷರದ ಮೇಲೇರಿಸೆನ್ನುವುದು; ಒಂದಕ್ಕೆ ಮೂರು ಹೆಸರುಗಳು ಸಾಕು, ಇನ್ನೊಂದಕ್ಕೆ ಎಲ್ಲ ಹೆಸರುಗಳೂ ಬೇಕು. ಶ್ರಮವನ್ನು ಕಳೆಯಲು ಹುಟ್ಟಿದ ನಿಯಮವೇ ಶ್ರಮದ ಮೂಲವಾಯಿತು. ಲೇಖನವನ್ನು ಸ್ವೀಕರಿಸುವೆವೋ ಇಲ್ಲವೋ ಎಂಬುದೇ ನಿರ್ಧಾರವಾಗುವ ಮೊದಲು ಚುಕ್ಕೆ ಗೆರೆಗಳಿಗಾಗಿ ಅದನ್ನು ಹಿಂದಿರುಗಿಸುವ ಸಂಪಾದಕರು ತಮ್ಮ ಪೂರ್ವಿಕರ ಆಶಯಕ್ಕೆ ವಿರುದ್ಧವಾಗಿ ನಡೆಯುತ್ತಿರುವರು. ಮೊದಲ ಸಲ ಯಾವ ಕ್ರಮದಲ್ಲಿದ್ದರೂ ಸರಿ, ಆಕರವು ಗುರುತಿಸುವಂತಿದ್ದರೆ ಸಾಕು ಎಂದು ಕೆಲವು ಪತ್ರಿಕೆಗಳು ಈಚೆಗೆ ಒಪ್ಪಿಕೊಂಡಿರುವುವು. ಉಳಿದವುಗಳೂ ಅದನ್ನೇ ಅನುಸರಿಸತಕ್ಕದ್ದು.

ಆದರೆ ಮೊದಲನೆಯ ಆಕ್ಷೇಪವು ನಿಲ್ಲತಕ್ಕುದಲ್ಲ. ವಿರಾಮಚಿಹ್ನೆಯು ಜ್ವರವನ್ನು ಇಳಿಸದು, ನಿಜ. ಕಾಗದದ ಮೇಲಿನ ವಿಳಾಸವೂ ಒಳಗಿನ ಸಮಾಚಾರವನ್ನು ಬದಲಿಸದು. ಆದರೂ ಊರಿನ ಹೆಸರು ತಪ್ಪಿದರೆ ಕಾಗದವು ಮನೆ ಸೇರುವುದಿಲ್ಲ. ಸಂಪುಟ, ಇಸವಿ, ಪುಟಗಳು ಓದುಗನನ್ನು ಮೂಲದ ಬಾಗಿಲಿಗೆ ಕರೆದೊಯ್ಯುವ ವಿಳಾಸಗಳು. ಒಬ್ಬನು ವಿಳಾಸವನ್ನು ತಪ್ಪಾಗಿ ಬರೆದನೆಂದರೆ ಎರಡರಲ್ಲಿ ಒಂದು ನಿಶ್ಚಯ: ಅವನು ಅಜಾಗರೂಕನು, ಇಲ್ಲವೆ ಆ ಮನೆಗೆ ಹೋದವನೇ ಅಲ್ಲ. ಎರಡನೆಯದೇ ಹೆಚ್ಚೆಂದು ತೋರಿಸುವ ಒಂದು ವಿನೋದವಾದ ಶೋಧನೆಯು ೨೦೦೩ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಿಮ್‌ಕಿನ್ ಮತ್ತು ರಾಯ್‌ಚೌಧುರಿ ಎಂಬ ವಿದ್ವಾಂಸರಿಬ್ಬರು, ಸುಮಾರು ೪೩೦೦ ಸಲ ಉಲ್ಲೇಖಗೊಂಡಿದ್ದ ಒಂದು ಪ್ರಸಿದ್ಧ ಲೇಖನವನ್ನು ತೆಗೆದುಕೊಂಡು, ಆ ಉಲ್ಲೇಖಗಳಲ್ಲಿ ಬಿದ್ದ ತಪ್ಪುಗಳನ್ನು ಎಣಿಸಿದರು. ೧೯೬ ಉಲ್ಲೇಖಗಳಲ್ಲಿ ತಪ್ಪುಗಳಿದ್ದುವು. ಆದರೆ ಬೇರೆಬೇರೆ ಬಗೆಯ ತಪ್ಪುಗಳು ೪೫ ಮಾತ್ರ. ಪುಟಸಂಖ್ಯೆಯ ಒಂದೇ ತಪ್ಪು ೭೮ ಸಲ ಮರುಕಳಿಸಿತ್ತು! ಎಪ್ಪತ್ತೆಂಟು ಮಂದಿ ವಿದ್ವಾಂಸರು ತಾವು ತಾವೇ ಒಂದೇ ರೀತಿಯಲ್ಲಿ ತಪ್ಪುವುದು ಸಂಭವವೆ? ಒಬ್ಬನು ತಪ್ಪಿದನು, ಮಿಕ್ಕವರು ಮೂಲವನ್ನು ನೋಡದೆ ಅವನ ಪಟ್ಟಿಯಿಂದ ಎತ್ತಿಕೊಂಡರು. ಈ ಲೆಕ್ಕದಿಂದ ಉಲ್ಲೇಖಿಸಿದವರಲ್ಲಿ ಐವರಲ್ಲಿ ಒಬ್ಬನು ಮಾತ್ರ ಮೂಲವನ್ನು ಓದಿರಬಹುದೆಂದು ಅವರು ಊಹಿಸಿದರು. ಶಾಸ್ತ್ರಕಾರರು ಇದನ್ನೇ ಗಡ್ಡರಿಕಾಪ್ರವಾಹವೆಂದು ಕರೆದರು. ಮುಂದಿನ ಕುರಿ ಹಳ್ಳಕ್ಕೆ ಬಿದ್ದರೆ ಹಿಂದಿನವುಗಳೂ ಬೀಳುವುವು.

ಇದು ಭೌತಶಾಸ್ತ್ರದ ಲೇಖನವೊಂದರ ಕಥೆ, ವೈದ್ಯರಿಗೆ ಅನ್ವಯಿಸದು ಎನ್ನುವುದಕ್ಕೂ ಅವಕಾಶವಿಲ್ಲ. ವೈದ್ಯಪತ್ರಿಕೆಗಳಲ್ಲಿ ಉಲ್ಲೇಖಗಳು ಮೂಲಕ್ಕೆ ಹೊಂದಿಕೊಳ್ಳುವುವೋ ಇಲ್ಲವೋ ಎಂಬುದನ್ನು ಪರೀಕ್ಷಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೇಖನವೊಂದು ೨೦೧೫ರಲ್ಲಿ ಹೊರಬಂದಿತು. ಸುಮಾರು ನಾಲ್ಕು ಉಲ್ಲೇಖಗಳಲ್ಲಿ ಒಂದು ತಪ್ಪಾಗಿರುವುದೆಂದೂ, ಆ ತಪ್ಪುಗಳಲ್ಲಿ ಅರ್ಧದಷ್ಟು ಗುರುತರವಾದುವೆಂದೂ ಅದರಿಂದ ತಿಳಿದುಬಂದಿತು. ಮೂಲವು ಹೇಳದುದನ್ನು ಮೂಲದ ಬಾಯಲ್ಲಿ ಇಟ್ಟುದೇ ಇಲ್ಲಿ ಗುರುತರವಾದ ತಪ್ಪು.

ಇದರಿಂದಾಗುವ ಕೇಡು ಎಷ್ಟೆಂಬುದಕ್ಕೆ ಅಮೆರಿಕ ದೇಶದ ನಿದರ್ಶನವೊಂದು ಸಾಕು. ೧೯೮೦ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಎಂಬವರ ಐದು ವಾಕ್ಯಗಳ ಒಂದು ಪತ್ರವು ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದು ಅಫೀಮಿನ ಜಾತಿಯ ನೋವುನಿವಾರಕವನ್ನು ಒಂದು ಸಲವಾದರೂ ಪಡೆದ ೧೧,೮೮೨ ರೋಗಿಗಳಲ್ಲಿ, ಮೊದಲು ಚಟವಿಲ್ಲದವರಾಗಿದ್ದು ಹೊಸದಾಗಿ ಚಟ ಹತ್ತಿದವರು ನಾಲ್ವರು ಮಾತ್ರ ಕಂಡುಬಂದರು ಎಂಬುದು ಅದರ ತಾತ್ಪರ್ಯ. ಪತ್ರವು ಹೇಳಿದುದು ಅಷ್ಟೆ. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ವಿಷಯವನ್ನು ಅದು ಎತ್ತಲೇ ಇಲ್ಲ. ಮುಂದೆ ೧೯೯೦ರ ದಶಕದಲ್ಲಿ ಅದೇ ಜಾತಿಯ ದೀರ್ಘಕಾಲಿಕ ಮಾತ್ರೆಗಳು ಮಾರಾಟಕ್ಕೆ ಬಂದಾಗ, ಈ ಮದ್ದುಗಳಿಂದ ಚಟ ಹತ್ತುವುದು ಅಪೂರ್ವವೆಂಬ ಮಾತಿಗೆ ಈ ಪತ್ರವೇ ಆಕರವಾಗಿ ಲೇಖನದಿಂದ ಲೇಖನಕ್ಕೆ ಸಂಚರಿಸಿತು. ೨೦೧೭ರಲ್ಲಿ ಅದೇ ಪತ್ರಿಕೆಯಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು: ಒಟ್ಟು ಉಲ್ಲೇಖಗಳು ೬೦೮, ಅವುಗಳಲ್ಲಿ ನೂರಕ್ಕೆ ೭೨ರಷ್ಟು ಚಟವು ಅಪೂರ್ವವೆಂಬುದಕ್ಕೆ ಪ್ರಮಾಣವಾಗಿ ಅದನ್ನು ತಂದುವು, ನೂರಕ್ಕೆ ೮೦ಕ್ಕೂ ಹೆಚ್ಚಿನವು ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರೆಂಬ ಮಾತನ್ನೇ ಬಿಟ್ಟುವು. ೧೯೯೯ರಿಂದ ೨೦೨೧ರವರೆಗೆ ಅಮೆರಿಕದಲ್ಲಿ ಈ ಜಾತಿಯ ದ್ರವ್ಯಗಳ ಅತಿಸೇವನೆಯಿಂದ ಸತ್ತವರು ೬ ಲಕ್ಷಕ್ಕೂ ಮಿಕ್ಕಿದರು. ಅಷ್ಟು ಮರಣಗಳಿಗೂ ಐದು ವಾಕ್ಯಗಳ ಪತ್ರವೇ ಕಾರಣವೆಂದರೆ ಅನ್ಯಾಯವಾಗುವುದು. ಮಾರಾಟಗಾರರ ಲೋಭವೂ, ಕಳ್ಳವ್ಯಾಪಾರವೂ, ಇನ್ನು ಹಲವೂ ಅದರಲ್ಲಿ ಸೇರಿವೆ. ಆದರೆ ವೈದ್ಯರ ಸಹಜವಾದ ಭಯವನ್ನು ಕಳೆದ ಮಾತುಗಳಲ್ಲಿ ಅದೂ ಒಂದಾಗಿತ್ತೆಂಬುದು ನಿಶ್ಚಯ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಲ್ಲಿ ಒಬ್ಬನಾದರೂ ಕೊಟ್ಟಿಗೆಗೆ ಹೋಗಿ ನೋಡಿದ್ದರೆ, ಐದು ವಾಕ್ಯಗಳನ್ನು ಓದಲು ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ.

ದೂರದೇಶದ ಮಾತಂತಿರಲಿ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಮಲೆನಾಡಿನವರು ಅರಿಯದವರಲ್ಲ. ಅದರ ಲಸಿಕೆಯ ಗುಣವನ್ನು ಕುರಿತು ೧೯೯೪ರಲ್ಲಿ ಪ್ರಕಟವಾದ ಲೇಖನವು ಎರಡು ಸಲ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ೯೩.೫ರಷ್ಟು ರಕ್ಷಣೆಯುಂಟೆಂದು ಹೇಳಿತು. ೨೦೦೫ರಿಂದ ೨೦೧೦ರವರೆಗಿನ ಲೆಕ್ಕಗಳನ್ನು ನೋಡಿ ೨೦೧೩ರಲ್ಲಿ ಪ್ರಕಟವಾದ ಮತ್ತೊಂದು ಲೇಖನದಲ್ಲಿ ಅದೇ ಎರಡು ಚುಚ್ಚುಗಳಿಗೆ ಕಂಡುಬಂದ ಫಲ ನೂರಕ್ಕೆ ೬೨.೪, ಬಲವರ್ಧಕ ಚುಚ್ಚೂ ಸೇರಿದರೆ ೮೨.೯. ಈಗ ಆ ಲಸಿಕೆಯ ಬಳಕೆಯೇ ನಿಂತು, ಹೊಸದಕ್ಕಾಗಿ ಪ್ರಯತ್ನವು ನಡೆದಿರುವುದು. ಲೇಖಕನೊಬ್ಬನು ‘ಲಸಿಕೆಯು ನೂರಕ್ಕೆ ೯೩ರಷ್ಟು ಫಲಕಾರಿ’ ಎಂದು ಬರೆದು ಸುಮ್ಮನಾದರೆ ಓದುಗನು ನಂಬುವನು. ಪಕ್ಕದಲ್ಲಿ ಸರಿಯಾದ ಅಂಕಿಯಿದ್ದು, ಪಟ್ಟಿಯಲ್ಲಿ ೧೯೯೪ ಎಂಬ ಇಸವಿಯು ಕಂಡರೆ, ಅನಂತರ ಏನಾಯಿತು ಎಂಬ ಪ್ರಶ್ನೆಯು ತಾನಾಗಿಯೇ ಹುಟ್ಟುವುದು. ನಾಲ್ಕು ಅಂಕಿಗಳ ಇಸವಿಯು ಮಾಡುವ ಉಪಕಾರವು ಇಷ್ಟು. ಕಾಡಿಗೆ ಸೌದೆಗೆ ಹೋಗುವ ಕೂಲಿಯವನ ಪ್ರಾಣಕ್ಕೂ ಆ ಇಸವಿಗೂ ಸಂಬಂಧವಿಲ್ಲವೆಂದು ಯಾರು ಹೇಳಬಲ್ಲರು?

ಮೂರನೆಯ ಆಕ್ಷೇಪವು ಯಂತ್ರವನ್ನು ಕುರಿತದ್ದು. ಆಕರಗಳನ್ನು ಸಂಗ್ರಹಿಸಿಟ್ಟುಕೊಂಡು, ಬೇಕಾದ ಕ್ರಮಕ್ಕೆ ಕ್ಷಣದಲ್ಲಿ ಜೋಡಿಸಿಕೊಡುವ ತಂತ್ರಾಂಶಗಳು ಬಂದಿರುವುವು; ಅವುಗಳನ್ನು ಬಳಸುವುದು ದೋಷವಲ್ಲ. ಆದರೆ ಅವು ಕೊಟ್ಟುದನ್ನು ಜೋಡಿಸುವುವೇ ಹೊರತು ಕೊಟ್ಟುದು ಸರಿಯೇ ಎಂದು ಕೇಳುವುದಿಲ್ಲ. ೨೦೨೨ರ ಕೊನೆಯಿಂದ ಪ್ರಚಾರಕ್ಕೆ ಬಂದ, ಕೇಳಿದೊಡನೆ ಪುಟಗಟ್ಟಲೆ ಬರೆಯುವ ಕೃತಕಬುದ್ಧಿಯ ಯಂತ್ರಗಳಂತೂ ಇನ್ನೂ ಮುಂದೆ ಹೋಗಿರುವುವು. ಇರುವ ಪತ್ರಿಕೆಯ ಹೆಸರು, ಇರುವ ವಿದ್ವಾಂಸರ ಹೆಸರು, ನಂಬತಕ್ಕ ಇಸವಿ, ನಂಬತಕ್ಕ ಪುಟ ಇವನ್ನೆಲ್ಲ ಕೂಡಿಸಿ, ಎಂದೂ ಯಾರೂ ಬರೆಯದ ಲೇಖನವನ್ನು ಅವು ಎಷ್ಟೋ ಸಲ ಸೃಷ್ಟಿಸಿಕೊಡುವುವು. ಪೂರ್ವದ ತಾರ್ಕಿಕರು ಗಗನಕುಸುಮವನ್ನು ಇಲ್ಲದ ವಸ್ತುವಿಗೆ ಉದಾಹರಣೆಯಾಗಿ ಹೇಳುತ್ತಿದ್ದರು. ಈಗ ಅದಕ್ಕೆ ಸಂಪುಟವೂ ಪುಟಸಂಖ್ಯೆಯೂ ದೊರೆತಂತಾಯಿತು. ಇದರಿಂದ ಒಂದು ಮಾತು ಸ್ಪಷ್ಟವಾಗುವುದು. ರೂಪವು ಎಷ್ಟೇ ನಿರ್ದುಷ್ಟವಾಗಿದ್ದರೂ ಅದು ಸತ್ಯಕ್ಕೆ ಸಾಕ್ಷಿಯಲ್ಲ. ವಿಳಾಸವನ್ನು ಅಂದವಾಗಿ ಬರೆದ ಮಾತ್ರಕ್ಕೆ ಮನೆಯು ಇರುವುದೆಂದಾಗಲಿಲ್ಲ. ಹೋಗಿ ಬಾಗಿಲು ತಟ್ಟಿ ಬರುವ ಕೆಲಸವು ಮನುಷ್ಯನದೇ; ಅದನ್ನು ಯಂತ್ರಕ್ಕೆ ಒಪ್ಪಿಸಿದವನು ತನ್ನ ಸಾಕ್ಷ್ಯವನ್ನೇ ಮಾರಿಕೊಂಡವನು.

ಇಂತಹ ನಿಷ್ಠುರವು ಪಶ್ಚಿಮದವರ ಶಾಸನವೆಂದೂ, ಇಲ್ಲಿಯ ಪರಂಪರೆಗೆ ಹೊರತಾದುದೆಂದೂ ಹೇಳುವವರುಂಟು. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥನು ಮೂಲವಿಲ್ಲದುದನ್ನು ಬರೆಯೆನೆಂದೂ ಅಪೇಕ್ಷೆಯಿಲ್ಲದುದನ್ನು ಹೇಳೆನೆಂದೂ ಆರಂಭದಲ್ಲಿಯೇ ಪ್ರತಿಜ್ಞೆ ಮಾಡಿರುವುದನ್ನು ಅವರು ನೆನೆಯಬೇಕು. ಆದರೆ ಪಕ್ಷಪಾತವಿಲ್ಲದೆ ಮತ್ತೊಂದು ಮಾತನ್ನೂ ಹೇಳಲೇಬೇಕಾಗಿದೆ. ‘ತಥಾ ಚೋಕ್ತಂ’ ಎಂದು ಪೂರ್ವವಾಕ್ಯವನ್ನು ಎತ್ತಿಕೊಂಡು, ಯಾರಿಂದ ಎಲ್ಲಿ ಹೇಳಲ್ಪಟ್ಟಿತೆಂಬುದನ್ನು ಬಿಟ್ಟ ವ್ಯಾಖ್ಯಾನಕಾರರೂ ಬಹಳ ಮಂದಿಯಿದ್ದರು. ಎದುರಿಗಿದ್ದ ಶಿಷ್ಯನಿಗೆ ಗ್ರಂಥವೆಲ್ಲ ಕಂಠಸ್ಥವಾಗಿದ್ದುದರಿಂದ ಆಗ ಅದು ಸಾಕಾಗಿತ್ತು. ಇಂದು ಅಂತಹ ಒಂದು ವಾಕ್ಯದ ಮೂಲವನ್ನು ಹುಡುಕಲು ಸಂಪಾದಕರು ವರ್ಷಗಟ್ಟಲೆ ತೊಳಲುವರು. ವೈದ್ಯಶಾಸ್ತ್ರದಲ್ಲಿಯೇ ಇದಕ್ಕೆ ನಿದರ್ಶನವುಂಟು. ಚರಕಸಂಹಿತೆಯಲ್ಲಿ ಲೋಪವಾಗಿದ್ದ ಭಾಗವನ್ನು ಪೂರ್ಣಗೊಳಿಸಿದ ದೃಢಬಲನು ತಾನು ಸೇರಿಸಿದುದು ಚಿಕಿತ್ಸಾಸ್ಥಾನದ ಹದಿನೇಳು ಅಧ್ಯಾಯಗಳು, ಕಲ್ಪಸ್ಥಾನ, ಸಿದ್ಧಿಸ್ಥಾನ ಎಂದು ಪ್ರಾಮಾಣಿಕವಾಗಿ ಹೇಳಿಕೊಂಡನು. ಆದರೆ ಆ ಹದಿನೇಳು ಯಾವುವೆಂದು ಹೆಸರಿಸಲಿಲ್ಲ. ಪ್ರತಿಗಳಲ್ಲಿ ಅಧ್ಯಾಯಗಳ ಕ್ರಮವು ಬೇರೆಬೇರೆಯಾಗಿರುವುದರಿಂದ ಯಾವುದು ಚರಕನದು, ಯಾವುದು ದೃಢಬಲನದು ಎಂಬ ವಿವಾದವು ವಿದ್ವಾಂಸರಲ್ಲಿ ಬಹುಕಾಲ ನಡೆದುಬಂದಿತು. ಪ್ರಾಮಾಣಿಕತೆಯೊಂದೇ ಸಾಲದು, ಸ್ಥಳನಿರ್ದೇಶವೂ ಬೇಕು ಎಂಬುದಕ್ಕೆ ಇದಕ್ಕಿಂತ ಮೇಲಾದ ಪಾಠವಿಲ್ಲ.

ಹೆಸರಿನ ವಿಷಯದಲ್ಲಿ ಕನ್ನಡಿಗರು ವಿಶೇಷವಾಗಿ ಎಚ್ಚರವಹಿಸತಕ್ಕದ್ದು. ಕುಲನಾಮವು ಮೊದಲು, ಅನಂತರ ಹೆಸರಿನ ಮೊದಲಕ್ಷರ ಎಂಬುದು ಈ ಪದ್ಧತಿಯ ನಿಯಮ. ಹಳೆಯ ಮೈಸೂರಿನ ಎಷ್ಟೋ ಮನೆತನಗಳಲ್ಲಿ ಕುಲನಾಮವೇ ಇಲ್ಲ. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದೆ, ಸ್ವಂತ ಹೆಸರು ಕೊನೆಯಲ್ಲಿ. ಸೀತಾ ಎಂಬ ವೈದ್ಯೆಯು ಒಂದು ಕಡೆ ‘ಆರ್. ಸೀತಾ’ ಎಂದೂ, ಇನ್ನೊಂದು ಕಡೆ ತಂದೆಯ ಹೆಸರನ್ನು ಹಿಂದೆ ಸೇರಿಸಿ ‘ಸೀತಾ ರಾಮಯ್ಯ’ ಎಂದೂ ಬರೆದುಕೊಂಡರೆ, ಸೂಚಿಗಳಲ್ಲಿ ಆಕೆಯು ಇಬ್ಬರಾಗುವಳು. ಎರಡನೆಯ ಲೇಖನದ ಕೀರ್ತಿಯು ವೈದ್ಯಶಾಸ್ತ್ರವನ್ನೇ ಓದದ ರಾಮಯ್ಯನವರಿಗೆ ಸಲ್ಲುವುದು. ಮೊದಲ ಲೇಖನದಲ್ಲಿಯೇ ಒಂದು ರೂಪವನ್ನು ಗೊತ್ತುಮಾಡಿಕೊಂಡು ಕೊನೆಯವರೆಗೂ ಅದನ್ನೇ ನಡೆಸಬೇಕು. ೨೦೧೨ರಿಂದ ‘ಆರ್ಕಿಡ್’ ಎಂಬ ಸಂಸ್ಥೆಯು ಲೇಖಕರಿಗೆ ಹದಿನಾರು ಸ್ಥಾನಗಳ ಗುರುತಿನ ಸಂಖ್ಯೆಯನ್ನು ಮೂಲ್ಯವಿಲ್ಲದೆ ಕೊಡುತ್ತಿರುವುದು. ಅದನ್ನು ಪಡೆದವರ ಹೆಸರು ಕಲಸಿಹೋಗಲಾರದು.

ಇಷ್ಟನ್ನೂ ವಿಚಾರಿಸಿದ ಮೇಲೆ ಕರ್ತವ್ಯವು ತಾನಾಗಿಯೇ ತೋರುವುದು. ಲೇಖಕನು ತೆರೆದು ಓದದ ಆಕರವನ್ನು ಪಟ್ಟಿಗೆ ಸೇರಿಸಕೂಡದು. ಮತ್ತೊಬ್ಬರ ಲೇಖನದ ಮೂಲಕ ತಿಳಿದುದಾದರೆ ಮೂಲವನ್ನು ಹುಡುಕಬೇಕು; ಅದು ಸಿಕ್ಕದಿದ್ದರೆ ಯಾರ ಮೂಲಕ ತಿಳಿದುದೆಂಬುದನ್ನೇ ಬರೆಯಬೇಕು. ಲಕ್ಷಾಂತರ ಲೇಖನಗಳ ಸಾರಾಂಶವು ಈಗ ಮನೆಯಲ್ಲಿ ಕುಳಿತಲ್ಲಿಯೇ ದೊರೆಯುವಾಗ ಗ್ರಂಥಾಲಯವು ದೂರವೆಂಬ ಹಳೆಯ ನೆವವು ಸಲ್ಲದು. ಕಳುಹಿಸುವ ಮೊದಲು ಆಕರಗಳಲ್ಲಿ ಯಾವುದಾದರೂ ಹಿಂದೆಗೆದುಕೊಳ್ಳಲ್ಪಟ್ಟಿದೆಯೇ ಎಂದು ನೋಡತಕ್ಕದ್ದು. ಈ ಹೊಣೆಯು ಲೇಖಕನದೇ ಎಂದು ಸಂಪಾದಕರ ಸಮಿತಿಯು ಸ್ಪಷ್ಟವಾಗಿ ಹೇಳಿರುವುದು. ೨೦೨೦ರ ಜೂನ್ ತಿಂಗಳಲ್ಲಿ ಎರಡು ಮಹಾಪತ್ರಿಕೆಗಳು ಕೋವಿಡ್ ರೋಗವನ್ನು ಕುರಿತ ಒಂದೊಂದು ಲೇಖನವನ್ನು, ಆಧಾರದ ಲೆಕ್ಕಗಳನ್ನು ಪರೀಕ್ಷಿಸಲಾಗಲಿಲ್ಲವೆಂದು ಹಿಂದೆಗೆದುಕೊಂಡ ಮೇಲೂ, ಅವುಗಳನ್ನು ಸತ್ಯವೆಂಬಂತೆ ಉಲ್ಲೇಖಿಸಿದವರಿಗೆ ಕೊರತೆಯಾಗಲಿಲ್ಲ.

ಅಧ್ಯಾಪಕರೂ ಪರೀಕ್ಷಕರೂ ತಮ್ಮ ಕ್ರಮವನ್ನು ತಿದ್ದಿಕೊಳ್ಳಬೇಕು. ಪ್ರಬಂಧದಲ್ಲಿ ಆಕರಗಳು ನೂರಿವೆಯೋ ಇನ್ನೂರಿವೆಯೋ ಎಂದು ಎಣಿಸುವುದರಿಂದ ಪ್ರಯೋಜನವಿಲ್ಲ. ಪಟ್ಟಿಯಲ್ಲಿ ಕಣ್ಣುಮುಚ್ಚಿ ಮೂರನ್ನು ಬೆರಳಿಟ್ಟು ತೋರಿಸಿ, ‘ಇದನ್ನು ತೆರೆದು ನೀನು ಹೇಳಿದ ಮಾತು ಎಲ್ಲಿದೆ ತೋರಿಸು’ ಎಂದು ಕೇಳಿದರೆ ಸಾಕು. ವಿದ್ಯಾರ್ಥಿಯ ಮುಖವೇ ಮಿಕ್ಕುದನ್ನು ಹೇಳುವುದು. ಸಂಪಾದಕರು ಚುಕ್ಕೆಗಳನ್ನು ತಿದ್ದುವ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ಯಂತ್ರವು ಮಾಡಲಾರದ ಈ ಪರೀಕ್ಷೆಗೆ ತಮ್ಮ ಹೊತ್ತನ್ನು ಕೊಡಲಿ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಕನ್ನಡದ ಗಾದೆ. ಕಂಡುದನ್ನೇ ಹೀಗೆ ಪರೀಕ್ಷಿಸಬೇಕಾಗಿರುವಾಗ, ಕಾಣದುದನ್ನು ಕಂಡೆನೆಂದು ಪಟ್ಟಿಯಲ್ಲಿ ಬರೆಯುವವನಿಗೆ ಯಾವ ಹೆಸರು ಸಲ್ಲುವುದು? ನ್ಯಾಯಸ್ಥಾನದಲ್ಲಿ ಹಾಗೆ ನುಡಿದವನನ್ನು ಸುಳ್ಳುಸಾಕ್ಷಿಯೆಂದು ಶಿಕ್ಷಿಸುವರು. ವೈದ್ಯಲೇಖನವನ್ನು ನಂಬಿ ಮದ್ದು ಬರೆಯುವವರೂ, ಆ ಮದ್ದನ್ನು ನಂಬಿ ಕುಡಿಯುವವರೂ ಇರುವವರೆಗೆ ಆಕರಪಟ್ಟಿಯೂ ಒಂದು ಸಾಕ್ಷಿಕಟ್ಟೆಯೇ. ಅಲ್ಲಿ ನಿಲ್ಲುವ ವೈದ್ಯನು ಮೊದಲು ಮೂಲವನ್ನು ಓದಿಕೊಂಡು ಬರಲಿ. ಅಂಕಿಯನ್ನು ಆವರಣದೊಳಗೆ ಇಡಬೇಕೋ ಅಕ್ಷರದ ಮೇಲೇರಿಸಬೇಕೋ ಎಂಬುದನ್ನು ಆಮೇಲೆ ವಿಚಾರಿಸಬಹುದು.